ಆರನೇ ಎಸಳು

ಸಿಂಗಾಪುರದ ಎರಡನೇ ಗೋಲು ಬಿದ್ದಾಗ ನಾಜಿಯಾ ತಟ್ಟೆಯ ಅಂಚನ್ನು ಮರಳುಕಾಗದದಿಂದ ಉಜ್ಜುತ್ತಿದ್ದಳು. ನೀರಿನ ಕೊಡಕ್ಕೆ ಆನಿಸಿಟ್ಟಿದ್ದ ಮೊಬೈಲಿನಲ್ಲಿ ಮಡಗಾಂವದ ಮೈದಾನ ಒಮ್ಮೆಗೇ ತಣ್ಣಗಾಯಿತು. ಅವಳ ಕೈಯೂ ನಿಂತಿತು.

"ಏನಾತು?" ಗೋಡೆಗೆ ಒರಗಿ ಕುಳಿತಿದ್ದ ಅಬ್ಬಾ ಕೇಳಿದರು.

"ಇನ್ನೊಂದ್ ಬಿತ್ತು."

"ನಮ್ದಾ?"

"ಅವರ್ದು."

ಅಬ್ಬಾ ಮಹಮ್ಮದ ಇಸ್ಮಾಯಿಲರಿಗೆ ಫುಟ್‌ಬಾಲಿನ ಗಂಧವಿರಲಿಲ್ಲ. ಮೊದಲ ಗೋಲು ನಮ್ಮವರದೇ ಆಗಿದ್ದರಿಂದ ಆಟ ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತಲ್ಲ ಎಂದು ಆಗಲೇ ಒಮ್ಮೆ ಹೇಳಿದ್ದರು. ಈಗ "ಇನ್ನಾ ಎಷ್ಟೊತ್ತದ?" ಎಂದರು.

"ಅರ್ಧ ತಾಸು."

"ಅರ್ಧ ತಾಸಂದ್ರ ಭಾಳ ಆತು ಬೇಟಾ. ಅಷ್ಟ್ರಾಗ ನಾ ತಟ್ಟಿ ಮ್ಯಾಲೆ ಒಂದ್ ಪೂರಾ ಬಳ್ಳಿ ಕಡಿತಿದ್ದೆ." ಅಷ್ಟು ಹೇಳಿ, ನಡುಗುವ ಬಲಗೈಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಎಡಗೈ ಇಟ್ಟುಕೊಂಡರು.

ತಟ್ಟೆ ಒಂದು ಗೇಣಿಗಿಂತ ತುಸು ದೊಡ್ಡದು. ಭಾಲ್ಕಿಯಿಂದ ಬಂದ ಆರ್ಡರು. ಠಾಣಾ ಕುಶನೂರಿನ ಮಡೆಪ್ಪ ಮಾಸ್ತರರು ಭಾಲ್ಕಿಯ ಶಾಲೆಯಲ್ಲಿ ಮೂವತ್ತು ವರ್ಷ ಪಿ.ಟಿ. ಕಲಿಸಿದವರು. ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಬರುವ ಭಾನುವಾರ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ; ಜೊತೆಗೆ ಒಂದು ಬಿದ್ರಿ ತಟ್ಟೆ. ತಟ್ಟೆಯ ಮೇಲೆ ಭಾರತದ ತಂಡ ಏಷ್ಯನ್ ಕಪ್ ಆಡಿದ ವರ್ಷಗಳು, ಬೆಳ್ಳಿಯಲ್ಲಿ, ಕನ್ನಡ ಅಂಕಿಯಲ್ಲಿ.

"ಕ್ರಿಕೆಟ್ಟಿಂದಲ್ರಿ ಚಾಚಾ, ಫುಟ್‌ಬಾಲಿಂದು," ಎಂದು ಹೇಳಲು ಸತೀಶಕುಮಾರ ಭಾಲ್ಕಿಯಿಂದ ಖುದ್ದಾಗಿ ಬಂದಿದ್ದ. ಅಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಬೀದರಿನ ಚೌಬಾರದ ಹಿಂದಿನ ಗಲ್ಲಿಯ ಈ ಮನೆಯ ಹೊಸ್ತಿಲ ಮೇಲೆ ಕೂತು, ಕೊಟ್ಟ ಚಹಾ ಆರಿಹೋಗುವ ತನಕ ಮಾತಾಡಿದ್ದ. "ಬ್ಯಾರೆ ಮಾಸ್ತರು ಹಾಜರಿಗಿ ಹೆಸರು ಕೂಗ್ತಿದ್ರು ತಂಗಿ. ನಮ್ಮ ಮಾಸ್ತರು ಇಸ್ವಿ ಕೂಗ್ತಿದ್ರು. ಅವರು 'ಅರವತ್ನಾಕ' ಅಂದ್ರ ನಾವೆಲ್ಲಾ 'ಎರಡನೇ ನಂಬರ್ರಿ ಸರ್' ಅನ್ಬೇಕು. 'ಎಂಬತ್ನಾಕ' ಅಂದ್ರ 'ಒಂದೂ ಗೋಲಿಲ್ರಿ ಸರ್'. ತಪ್ಪಿದ್ರ ಮೈದಾನಕ್ಕ ಮೂರು ಸುತ್ತು. ನನಗ ಇವತ್ತಿಗೂ ಹದಿನೇಳರ ಮಗ್ಗಿ ಬರಲ್ರಿ, ಅದು ಬರ್ತದ."

ಮಾಸ್ತರರು ನಿವೃತ್ತರಾದ ಮೇಲೆ ಇನ್ನೂ ಮೂರು ಸೇರಿದ್ದವು. ೨೦೧೧, ೨೦೧೯, ೨೦೨೩. ಕೊನೆಯದನ್ನು ಆಡಿದ್ದು ಇಪ್ಪತ್ನಾಲ್ಕರ ಜನವರಿಯಲ್ಲಾದರೂ ಕಪ್ಪಿನ ಹೆಸರಿನಲ್ಲಿ ಇಪ್ಪತ್ಮೂರೇ ಇದೆ, ತಪ್ಪು ಬರೆದರೆ ಮಾಸ್ತರು ಈ ವಯಸ್ಸಿನಲ್ಲೂ ತಮ್ಮನ್ನು ಓಡಿಸುತ್ತಾರೆ ಎಂದು ಸತೀಶಕುಮಾರ ಆಮೇಲೆ ಎರಡು ಸಲ ಫೋನು ಮಾಡಿದ್ದ.

ಒಟ್ಟು ಐದು. ತೊಂದರೆ ಶುರುವಾದದ್ದು ಆ ಐದರಿಂದಲೇ. ಕೈವಾರದಿಂದ ತಟ್ಟೆಯ ಮೇಲೊಂದು ಸುತ್ತು ಹಾಕಿ, ಅದೇ ಅಳತೆಯಲ್ಲಿ ಸುತ್ತಿನ ಮೇಲೆ ಹೆಜ್ಜೆ ಇಡುತ್ತ ಹೋದರೆ ಆರನೆಯ ಹೆಜ್ಜೆಗೆ ಮೊದಲಿನ ಚುಕ್ಕೆಗೇ ಬಂದು ಸೇರುತ್ತದೆ. ಹಾಗಾಗಿ ಈ ಮನೆಯಲ್ಲಿ ಅಬ್ಬಾ ಅವರ ಅಪ್ಪ ದಾದಾ ಅವರ ಕಾಲದಿಂದಲೂ ತಟ್ಟೆಗೆ ಆರು ಎಸಳು. ನಾಜಿಯಾಳ ಕೈ ಐದನ್ನು ಯೋಚಿಸಲೇ ಇಲ್ಲ. ಬಿ.ಎ. ಮುಗಿಸಿದ ಹುಡುಗಿ, ಐದನ್ನು ಎಣಿಸಿಯೇ ಕೂತಿದ್ದಳು, ಆದರೆ ಕೈವಾರ ಹಿಡಿದ ಮೇಲೆ ಕೈ ತನ್ನ ದಾರಿಯಲ್ಲಿ ಹೋಯಿತು. ಎಸಳುಗಳನ್ನು ಕಡೆದು, ಒಂದೊಂದರಲ್ಲಿ ಒಂದೊಂದು ಇಸ್ವಿ ಕೂರಿಸಿದ ಮೇಲೆ ಆರನೆಯದು ಬಾಯಿ ಬಿಟ್ಟುಕೊಂಡು ಉಳಿಯಿತು.

"ಅದ್ರಾಗ ಒಂದ್ ಹೂ ಹಾಕಿಬಿಡು," ಎಂದಿದ್ದರು ಅಬ್ಬಾ.

ಅವಳು ಹೂ ಹಾಕುವ ಮೊದಲು ಸತೀಶಕುಮಾರನನ್ನು ಕೇಳಿದಳು. ಅದೇ ತಪ್ಪಾಯಿತು. ಭಾರತ ಹಿಂದಿನ ದಿನವಷ್ಟೇ ಮುಂದಿನ ಕಪ್ಪಿನ ಅರ್ಹತೆಯ ಆಟಕ್ಕೆ ಸಿಂಗಾಪುರಕ್ಕೆ ಹೋಗಿ, ಹತ್ತೇ ಜನ ಉಳಿದು, ಕೊನೆಯ ನಿಮಿಷಕ್ಕೆ ಗೋಲು ಹೊಡೆದು ಒಂದಕ್ಕೊಂದು ಮಾಡಿಕೊಂಡು ಬಂದಿತ್ತು. ಸತೀಶಕುಮಾರನ ದನಿ ಮೊಬೈಲಿನಿಂದ ಹೊರಗೆ ಚೆಲ್ಲುತ್ತಿತ್ತು. "ಖಾಲಿ ಯಾಕ ಬಿಡ್ತೀರಿ ತಂಗಿ? ಮುಂದಿನ ಕಪ್ಪಿಂದು ಇಪ್ಪತ್ತೇಳು ಹಾಕ್ರಿ! ಅವರ ಮನ್ಯಾಗೇ ಬರಾಬರಿ ಮಾಡೇವು, ಮಂಗಳವಾರ ನಮ್ಮ ಅಂಗಳ. ಸಿಂಗಾಪುರ ಯಾವ ಲೆಕ್ಕ? ಮಾಸ್ತರಿಗಿ ಮುಂದಿಂದೂ ಕೊಟ್ಟಂಗ ಆಗ್ತದ."

ಮಂಗಳವಾರದ ತನಕ ಕಾಯಬಹುದಿತ್ತು. ಕಾಯುವಷ್ಟು ದಿನಗಳೂ ಇದ್ದವು. ಆದರೆ ಆ ಖಾಲಿ ಎಸಳು ಕೂತಲ್ಲಿ ನಿಂತಲ್ಲಿ ಅವಳನ್ನು ನೋಡುತ್ತಿತ್ತು. ಕೊನೆಯ ನಿಮಿಷದ ಆ ಗೋಲನ್ನು ಅವಳೂ ಮೂರು ಸಲ ನೋಡಿದ್ದಳು. ಶನಿವಾರ ಕೂತು ೨೦೨೭ ಕಡೆದಳು. ಭಾನುವಾರ ಆ ಗುಂಡಿಗಳಿಗೆ ಬೆಳ್ಳಿ ತಂತಿ ಬಡಿದಳು.

ತಟ್ಟೆಯನ್ನು ಇನ್ನೂ ಕಪ್ಪು ಮಾಡಿರಲಿಲ್ಲ. ಅಲ್ಲಿಯ ತನಕ ತಟ್ಟೆಯ ಜಸ್ತಾ, ಅಂದರೆ ಸತು, ಮತ್ತು ಬೆಳ್ಳಿ ಎರಡೂ ಒಂದೇ ಬೂದುಬಣ್ಣ; ಕೂರಿಸಿದವರಿಗೆ ಬಿಟ್ಟರೆ ಬೇರೆಯವರ ಕಣ್ಣಿಗೆ ಅದೊಂದು ಬೋಳು ತಗಡು. ಕೋಟೆಯ ಮಣ್ಣಿನ ನೀರಿಗೆ ಬಿದ್ದ ಮೇಲೆಯೇ ಜಸ್ತಾ ಕಪ್ಪಾಗಿ ಬೆಳ್ಳಿ ಎದ್ದು ಬರುವುದು. ಹಾಗಾಗಿ ಅಬ್ಬಾ ಮಾಲನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತಿದ್ದರು. ಬೆಳ್ಳಿ ಸರಿಯಾಗಿ ಕೂತಿದ್ದರೆ ಬೆರಳಿಗೆ ಸಿಗಬಾರದು. ಎಲ್ಲಿ ಸಿಕ್ಕಿತೋ ಅಲ್ಲಿ ಕೆಲಸ ಕೆಟ್ಟಿತು. ಈ ತಟ್ಟೆಯ ಮೇಲೆ ಅವರ ಹೆಬ್ಬೆರಳು ಆರೂ ಎಸಳು ಸುತ್ತಿ ಬಂದಿತ್ತು, ಎಲ್ಲೂ ನಿಂತಿರಲಿಲ್ಲ. ಸೋಮವಾರ ಸಂಜೆ ಕಣ್ಣು ಬಿಟ್ಟು, "ಹಿಂದ್ಗಡೆ ನಿನ್ನ ನಿಶಾನಿ ಹಾಕು," ಎಂದಿದ್ದರು.

ಅಬ್ಬಾ ಅವರ ನಿಶಾನಿ ಮೂರು ಚುಕ್ಕೆ, ಒಂದು ಗೆರೆ. ಅವರ ಕೈ ನಡುಗತೊಡಗಿ ವರ್ಷವಾಗಿತ್ತು. ಈ ತಟ್ಟೆಯ ಹಿಂದೆ ನಾಜಿಯಾಳ ನಿಶಾನಿ ಬಿದ್ದರೆ ಉಳಿಗಳ ಡಬ್ಬಿ ಇದೇ ಮನೆಯಲ್ಲಿ ಉಳಿಯುವುದು, ಇಲ್ಲವಾದರೆ ಚಿಕ್ಕಪ್ಪನ ಮಗ ಫಿರೋಜನ ಕಾರಖಾನೆಗೆ ಹೋಗುವುದು ಎಂದು ಈ ಆರ್ಡರು ಬಂದ ದಿನವೇ ಮಾತಾಗಿತ್ತು. ಅವಳು ಒಡೆದ ಜಸ್ತಾದ ಚೂರುಗಳ ಮೇಲೆ ತನ್ನ ನಿಶಾನಿಯನ್ನು ಎಷ್ಟೋ ಸಲ ಕಡೆದು ನೋಡಿದ್ದಳು: ಒಂದು ಎಸಳು, ಅದರೊಳಗೊಂದು ಚುಕ್ಕೆ. ತಟ್ಟೆ ಕಪ್ಪಾದ ಮೇಲೆ ಹಾಕೋಣ ಎಂದು ಬಿಟ್ಟಿದ್ದಳು.

ಮೊಬೈಲಿನಲ್ಲಿ ಆಟ ಮುಗಿದ ಸೀಟಿ ಊದಿದರು. ನೀಲಿ ಅಂಗಿಯವರು ಅಲ್ಲಲ್ಲೇ ಕೂತರು. ಒಬ್ಬ ಹುಲ್ಲಿನ ಮೇಲೆ ಅಂಗಾತ ಮಲಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಇಪ್ಪತ್ತೇಳರ ಕಪ್ಪಿಗೆ ಭಾರತಕ್ಕೆ ಇನ್ನು ದಾರಿಯಿಲ್ಲ ಎಂದು ಒಬ್ಬಾತ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ನಾಜಿಯಾ ಮೊಬೈಲನ್ನು ಬೋರಲು ಹಾಕಿದಳು.

ಮರುದಿನ ಮುಂಜಾನೆ ಸತೀಶಕುಮಾರನದೇ ಮೊದಲ ಫೋನು.

"ತಂಗಿ, ಅದನ್ನ ತಗದ್ಬಿಡ್ರಿ."

"ಪೆನ್ಸಿಲ್ಲಲೆ ಬರದದ್ದಲ್ರಿ ಅಣ್ಣಾ."

"ಹಂಗಂದ್ರ ಹ್ಯಾಂಗ್ರಿ? ಆಡಲಾರದ ಕಪ್ಪಿನ ಇಸ್ವಿ ಹಿಡ್ಕೊಂಡು ಮಾಸ್ತರ ಮುಂದ ನಿಂದ್ರಬೇಕೇನು? ಮುನ್ನೂರು ಮಂದಿ ನಗ್ತಾರ. ಮಾಸ್ತರಿಗಿ ಕಣ್ಣು ಕಾಣಲ್ಲ ಖರೆ, ಉಳದವರಿಗಿ ಕಾಣ್ತಾವಲ್ಲ!"

"ಅವರಿಗಿ ಕಣ್ಣು ಕಾಣಲ್ಲೇನ್ರಿ?"

"ಸಕ್ಕರಿ ಬ್ಯಾನಿ ರಿ. ಎರಡು ವರ್ಷ ಆತು. ನಿನ್ನಿ ಮ್ಯಾಚಿಗಿ ನಾನೇ ಫೋನಿನ್ಯಾಗ ಕೂತು ಹೇಳ್ದೆ. ಎರಡನೇದು ಬಿದ್ದಿಂದ 'ಸಾಕು ಬಿಡಪಾ, ನಿನಗ ಚಾರ್ಜಿ ಸುಮ್ಮ ಖರ್ಚಾಗ್ತದ' ಅಂದ್ರು. ತಗೀರಿ ತಂಗಿ. ನಂದೇ ತಪ್ಪು ಅನ್ಕೊಳ್ರಿ. ಆದ್ರ ತಗೀರಿ."

ಅಬ್ಬಾ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡ ಅಂಕಿ ಓದಲು ಅವರಿಗೆ ಬರುತ್ತಿರಲಿಲ್ಲ. "ಯಾವ್ದು?" ಎಂದು ಕೇಳಿ, ಅವಳು ತೋರಿಸಿದ ಮೇಲೆ, "ಇದೇ ಎಲ್ಲಾದಕ್ಕಿಂತ ಚಲೋ ಕೂತಿತ್ತು," ಎಂದರು.

"ಇದ್ರ ಮ್ಯಾಲೆ ಹೂ ಕಡದು ಬೆಳ್ಳಿ ತುಂಬಿದ್ರ?"

"ನಕ್ಕೊ, ಬ್ಯಾಡ. ಈ ಜಸ್ತಾ ಎರಡನೇ ಪೆಟ್ಟು ತಡಿಯಲ್ಲ ಬೇಟಾ. ಸೀಳು ಬಿಟ್ರ ಉಳಿದ ಐದೂ ಹೋಗ್ತಾವ."

"ಹೊಸಾದು ಎರಕಾ ಹೊಯ್ದು..."

"ಹದಿನೆಂಟು ದಿನದ ಕೆಲ್ಸ. ಇರೋದು ನಾಕು ದಿನ." ಅವರು ತಟ್ಟೆಯನ್ನು ಅವಳ ಮಡಿಲಿಗೆ ಹಾಕಿದರು. "ಬೆಳ್ಳಿ ಎತ್ತು. ಗುಂಡಿ ಹಂಗೇ ಇರ್ತದ, ಅದಕ್ಕೇನ್ ಮಾಡಾಕ್ ಬರಲ್ಲ. ಕಪ್ಪಿನ್ಯಾಗ ಕಪ್ಪು ಕೂಡ್ತದ. ಕಣ್ಣಿಗಿ ಕಾಣಲ್ಲ."

ಕೂರಿಸಲು ಒಂದು ದಿನ ಹಿಡಿದದ್ದನ್ನು ಎತ್ತಲು ಮಧ್ಯಾಹ್ನದ ತನಕ ಹಿಡಿಯಿತು. ಎಲ್ಲಕ್ಕಿಂತ ಸಣ್ಣ ಉಳಿಯ ತುದಿಯನ್ನು ತಂತಿಯ ಅಡಿಗೆ ತೂರಿಸಿ, ಉಸಿರು ಹಿಡಿದು, ಕೂದಲೆಳೆಯಷ್ಟು ಒತ್ತಬೇಕು. ಹೆಚ್ಚು ಒತ್ತಿದರೆ ಎಸಳಿನ ಅಂಚು ಹೋಗುತ್ತದೆ. ಏಳು ಎರಡು ತುಂಡಾಗಿ ಬಂತು. ಎರಡುಗಳು ಡೊಂಕಾಗಿ, ಗುರುತು ಸಿಗದಂತೆ ಬಂದವು. ಸೊನ್ನೆ ಮಾತ್ರ ಇಡಿಯಾಗಿ ಎದ್ದು ಬಂದು ಚಾಪೆಯ ಮೇಲೆ ಬಿತ್ತು, ಕೂಸಿನ ಬೆರಳುಂಗುರದ ಹಾಗೆ. ಅವಳು ಅದನ್ನು ಎತ್ತಿ ಉಳಿಗಳ ಡಬ್ಬಿಯ ಮುಚ್ಚಳದಲ್ಲಿ ಹಾಕಿದಳು. ಅಮ್ಮಿ ಖೈರುನ್ನಿಸಾ ಎರಡು ಸಲ ಬಂದು ಊಟಕ್ಕೆ ಕರೆದು, ಮೂರನೆಯ ಸಲ ನೀರಿನ ಲೋಟ ಪಕ್ಕಕ್ಕಿಟ್ಟು ಹೋದರು.

ಗುರುವಾರ ಕಪ್ಪು ಮಾಡುವ ಕೆಲಸ. ಕೋಟೆಯ ಹಳೆಯ ಕೋಣೆಯಿಂದ ತಂದ, ಬಿಸಿಲು ಮಳೆ ಕಾಣದ ಮಣ್ಣನ್ನು ಅಬ್ಬಾ ಚಿಟಿಕೆ ಎತ್ತಿ ನಾಲಿಗೆಗೆ ಮುಟ್ಟಿಸಿ, ತಲೆಯಾಡಿಸಿದರು. ನವಸಾಗರ ಬೆರೆಸಿದ ನೀರು ಕುದಿಯಿತು. ನಾಜಿಯಾ ತಟ್ಟೆಯನ್ನು ಇಳಿಬಿಟ್ಟು, ಮಣ್ಣು ಹಚ್ಚಿ ಉಜ್ಜಿ, ತೊಳೆದು, ಎಣ್ಣೆ ಸವರಿದಳು. ಕಪ್ಪು ಹಿಡಿಯಿತು. ಐದು ಎಸಳುಗಳಲ್ಲಿ ಐದು ಇಸ್ವಿ ಹುಣ್ಣಿಮೆಯ ಹಾಗೆ ಎದ್ದು ಬಂದವು. ಆರನೆಯದು ಬರೀ ಕಪ್ಪು. ಅವಳು ಓರೆ ಮಾಡಿ, ತಿರುಗಿಸಿ, ಬಾಗಿಲಿಗೆ ಒಯ್ದು ನೋಡಿದಳು. ಏನೂ ಕಾಣಲಿಲ್ಲ.

"ಅಬ್ಬಾ, ನಿಶಾನಿ?"

ಅವರು ಒಲೆಯ ಕೆಂಡವನ್ನು ಕೆದಕುತ್ತಿದ್ದರು. "ಎತ್ತಿದ ಮಾಲಿಗಿ ನಮ್ಮ ಮನ್ಯಾಗ ನಿಶಾನಿ ಹಾಕಲ್ಲ ಬೇಟಾ. ನಿನ್ನ ದಾದಾ ಹಾಕ್ಲಿಲ್ಲ. ನಾ ಹಾಕ್ಲಿಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಅವಳು ಒಂದು ಮಾತಾದರೂ ಆಡುತ್ತಿದ್ದಳೇನೋ. ತಪ್ಪು ತನ್ನದಲ್ಲ ಎನ್ನಬೇಕೆನಿಸಿತು. ಆದರೆ ಯಾರದೆಂದು ಹೇಳುವುದು? ಕೈವಾರದ್ದೆ, ಸತೀಶಕುಮಾರನದೆ, ಐವತ್ತೆಂಟನೆಯ ನಿಮಿಷದಲ್ಲಿ ಗೋಲಿನ ಮುಂದೆ ನಿಂತಿದ್ದ ಆ ಹೆಸರು ಗೊತ್ತಿಲ್ಲದ ನೀಲಿ ಅಂಗಿಯವರದೆ? ಅವಳು ತಟ್ಟೆಯನ್ನು ಹಳೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿದಳು.

ಶನಿವಾರ ಫಿರೋಜ ಬಂದ. ಕೆಟ್ಟವನಲ್ಲ, ಕೆಲಸ ಚೊಕ್ಕ, ಮಾತು ಕಡಿಮೆ. ಡಬ್ಬಿಯನ್ನು ರೆಕ್ಸಿನ್ ಚೀಲದಲ್ಲಿ ಇಟ್ಟುಕೊಳ್ಳುವಾಗ ಅವಳ ಕಡೆ ನೋಡಲಿಲ್ಲ. "ಬೇಕಾದಾಗ ಬಂದು ಅಲ್ಲೇ ಕೂಡು ಆಪಾ, ಯಾರ್ ಬ್ಯಾಡ ಅಂತಾರ," ಎಂದ. ಆ ಕಾರಖಾನೆಯಲ್ಲಿ ಹನ್ನೆರಡು ಗಂಡಸರು ಕೂರುತ್ತಿದ್ದರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡಬ್ಬಿಯಲ್ಲಿ ಎಲ್ಲಕ್ಕಿಂತ ಸಣ್ಣ ಉಳಿ ಇರಲಿಲ್ಲ. ಅಬ್ಬಾ ಅದನ್ನು ನೋಡಿಯೂ ಡಬ್ಬಿಯನ್ನು ತಾವೇ ಮುಚ್ಚಿದರು.

ಭಾನುವಾರ ಅಪ್ಪ ಮಗಳು ಭಾಲ್ಕಿಯ ಬಸ್ಸು ಹತ್ತಿದರು. ತಟ್ಟೆ ಅವಳ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಸೋಯಾ ಕೊಯ್ದ ಹೊಲಗಳು. ಬಸ್ಸಿನ ತುಂಬ ದೀಪಾವಳಿಯ ಸಂತೆಗೆ ಹೊರಟವರು. "ನಾನ್ ಯಾಕ್ ಬರಬೇಕು, ನೀವೇ ಕೊಟ್ಟು ಬರ್ರಿ," ಎಂದು ಅವಳು ಬೆಳಿಗ್ಗೆ ಹೇಳಿ ನೋಡಿದ್ದಳು. ಆದರೆ ಮಾಡಿದವರು ಬರಲೇಬೇಕೆಂದು ಸತೀಶಕುಮಾರ ಹಟ ಹಿಡಿದಿದ್ದ.

ಶಾಲೆಯ ಸಭಾಂಗಣ ತುಂಬಿತ್ತು. ತಲೆ ನೆರೆತವರು, ಹೊಟ್ಟೆ ಬಂದವರು, ಮಕ್ಕಳನ್ನು ಕರೆತಂದವರು. ಮಡೆಪ್ಪ ಮಾಸ್ತರರನ್ನು ಅವರ ಹೆಂಡತಿ ಕಾಂತಾಬಾಯಿ ಕೈ ಹಿಡಿದು ವೇದಿಕೆಗೆ ಕರೆತಂದರು. ಎತ್ತರದ ಮನುಷ್ಯ, ಬಿಳಿ ಟೊಪ್ಪಿಗೆ, ಧೋತರದ ಕೆಳಗೆ ಕ್ಯಾನ್‌ವಾಸ್ ಬೂಟು. ಕುರ್ಚಿಯನ್ನು ಕೈಯಿಂದ ತಡವಿ ನೋಡಿ ಕೂತರು.

ಭಾಷಣಗಳು ಮುಗಿದ ಮೇಲೆ ಸತೀಶಕುಮಾರ ಮೈಕನ್ನು ಅವರ ಬಾಯಿಯ ಹತ್ತಿರ ಒಯ್ದ. "ಸರ್, ಹಾಜರಿ ತಗೋರಿ."

"ಏ, ಬ್ಯಾಡ ಬಿಡೋ. ಯಾರಿಗಿ ನೆಂಪದ?"

"ತಗೋರಿ ಸರ್! ತಪ್ಪಿದವರು ಓಡ್ತೇವಿ," ಎಂದು ಹಿಂದಿನಿಂದ ಯಾರೋ ಕೂಗಿದರು. "ನೀ ಮೊದಲ ಎದ್ದು ನಿಂದ್ರು, ಆಮ್ಯಾಲ ಓಡು!" ಎಂದರು ಪಕ್ಕದವರು. ಸಭೆ ನಕ್ಕಿತು.

ಮಾಸ್ತರರು ಗಂಟಲು ಸರಿಮಾಡಿಕೊಂಡರು. ದನಿ ಮಾತ್ರ ಮುದಿಯಾಗಿರಲಿಲ್ಲ. "ಅರವತ್ನಾಕ!"

"ಎರಡನೇ ನಂಬರ್ರಿ ಸರ್!"

"ಟೀಮು ಎಷ್ಟಿದ್ದುವು ಅನ್ನೂದು ಹೇಳ್ರಿ, ಜಂಬ ಬ್ಯಾಡ."

"ನಾಕೇ ರಿ ಸರ್!"

"ಎಂಬತ್ನಾಕ!"

"ಒಂದೂ ಗೋಲಿಲ್ರಿ ಸರ್!"

"ಇರಾನ್ ಜೋಡಿ?"

"ಬರಾಬರಿ ರಿ ಸರ್!"

"ಹ್ಞಾಂ. ಅದನ್ನ ಯಾರೂ ಹೇಳಲ್ಲ. ಹನ್ನೊಂದು!"

ಇಲ್ಲಿಂದ ದನಿಗಳು ಕಡಿಮೆಯಾದವು. ಇವು ತರಗತಿಯಲ್ಲಿ ಕಲಿತವಲ್ಲ. "ಹೊಡದದ್ದು ಮೂರು, ತಿಂದದ್ದು ಹದಿಮೂರು ರಿ," ಎಂದು ಏಳೆಂಟು ಜನ ಹೇಳಿದರು. ಹತ್ತೊಂಬತ್ತಕ್ಕೆ ಥೈಲ್ಯಾಂಡಿಗೆ ಹೊಡೆದ ನಾಲ್ಕು ಗೋಲು ನೆನೆದು ಮತ್ತೆ ಜೋರಾಯಿತು. ಬಹರೇನಿನ ಕೊನೆಯ ನಿಮಿಷದ ಪೆನಾಲ್ಟಿ ಬಂದಾಗ ಯಾರೋ ಹಲ್ಲಿಯ ಹಾಗೆ ಲೊಚಗುಟ್ಟಿದರು.

"ಇಪ್ಪತ್ಮೂರು."

"ಒಂದೂ ಗೋಲಿಲ್ರಿ ಸರ್."

ಅದಾದ ಮೇಲೆ ಮಾಸ್ತರರ ಬಾಯಿ ತೆರೆದೇ ಇತ್ತು. ಮೈಕಿನಲ್ಲಿ ಅವರ ಉಸಿರು ಕೇಳಿಸಿತು. ಆಮೇಲೆ ಕೈಯಿಂದ ಮೈಕನ್ನು ಮೆಲ್ಲಗೆ ಆಚೆ ಸರಿಸಿದರು. ಮುನ್ನೂರು ಜನ ತಂತಮ್ಮ ಕಾಲ ಬುಡ ನೋಡಿಕೊಂಡರು. ಸತೀಶಕುಮಾರ ಗಡಬಡಿಸಿ, "ಈಗ ನಮ್ಮ ಬೀದರಿನ ತಂಗಿ ನಾಜಿಯಾ ಬೇಗಂ ಅವರು ತಮ್ಮ ಕೈಯಾರೆ ಮಾಡಿದ ಕಾಣಿಕೆ ಕೊಡ್ತಾರ," ಎಂದು ಕೂಗಿದ.

ಅವಳು ಹೇಗೆ ಮೆಟ್ಟಿಲು ಹತ್ತಿದಳೋ. ತಟ್ಟೆಯನ್ನು ಮಾಸ್ತರರ ಮಡಿಲಲ್ಲಿಟ್ಟು ಹಿಂದೆ ಸರಿಯುವಷ್ಟರಲ್ಲಿ ಅವರು, "ನಿಂದ್ರವ್ವಾ," ಎಂದರು. "ನನಗ ತೋರಿಸು. ಎಲ್ಲಿಂದ ಸುರು?"

ಅವರ ತೋರುಬೆರಳನ್ನು ಹಿಡಿದು ಮೊದಲ ಎಸಳಿನ ಮೇಲೆ ಇಟ್ಟಳು. ದಪ್ಪ, ಒರಟು ಬೆರಳು. ಅದು ಎಸಳನ್ನು ಅಡ್ಡಡ್ಡ ಸವರಿತು.

"ಇಲ್ಲೇನದ?"

"ಅರವತ್ನಾಕು ರಿ."

"ಸಿಗವಲ್ದಲ್ಲ."

"ಬೆಳ್ಳಿ ಕೂತದ್ರಿ. ಬೆರಳಿಗಿ ಸಿಗಲ್ರಿ."

"ಹೌದಾ." ಬೆರಳು ಮುಂದೆ ಹೋಯಿತು. ಎಂಬತ್ನಾಲ್ಕು, ನುಣುಪು. ಹನ್ನೊಂದು, ಹತ್ತೊಂಬತ್ತು. "ಕನ್ನಡಿ ಆಗ್ಯಾದಲ್ಲ," ಎಂದರು. ಅವಳು ಒಂದೊಂದನ್ನೂ ಮೆಲ್ಲಗೆ ಹೇಳುತ್ತಿದ್ದಳು. ಸತೀಶಕುಮಾರ ಅತ್ತ ಮೈಕಿನಲ್ಲಿ ದಾನಿಗಳ ಹೆಸರು ಓದುತ್ತಿದ್ದ. ಇಪ್ಪತ್ಮೂರು. ಅಲ್ಲಿಗೆ ಮುಗಿಯಿತೆಂದು ಅವಳು ಕೈ ತೆಗೆದಳು. ಬೆರಳು ತೆಗೆಯಲಿಲ್ಲ ಅವರು. ಅದು ತನ್ನಷ್ಟಕ್ಕೆ ಆರನೆಯ ಎಸಳಿಗೆ ದಾಟಿತು. ನಿಂತಿತು.

ನಾಜಿಯಾ ಕೆಳಗೆ ನೋಡಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಬ್ಬಾ ಅದನ್ನು ಕಂಡಿದ್ದರು. ಬೇರೆ ಯಾರಿಗೂ ತಿಳಿಯಲಿಲ್ಲ. ಬೆರಳು ಎಲ್ಲಿ ಯಾಕೆ ನಿಲ್ಲುತ್ತದೆ ಎಂಬುದು ಆ ಸಭಾಂಗಣದಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಉಗುರಿನ ತುದಿ ಗುಂಡಿಗೆ ಇಳಿಯಿತು. ಎರಡರ ಡೊಂಕು ಹಿಡಿದು ಕೆಳಗೆ ಬಂತು, ಸೊನ್ನೆಯನ್ನು ಸುತ್ತಿತು, ಮತ್ತೊಂದು ಎರಡು, ಏಳರ ಕೊಕ್ಕೆ. ಮಾಸ್ತರರ ತುಟಿಗಳು ಅಲುಗಿದವು.

"ಇದನ್ನ ಕಡದೋರು ಯಾರವ್ವಾ?"

"ನಾನ್ರಿ."

"ತಗದೋರು?"

"ನಾನೇ ರಿ."

"ಮಂದಿಗಿ ಕಾಣ್ತದೇನು?"

"ಇಲ್ರಿ."

"ಹ್ಞೂಂ," ಎಂದರು.

"ಏನದ ಅಲ್ಲಿ? ಅಷ್ಟೊತ್ತು ಏನ್ ತಡವಲತೀರಿ?" ಕಾಂತಾಬಾಯಿ ಬಗ್ಗಿ ಕೇಳಿದರು.

"ಏನಿಲ್ಲ," ಎಂದು ಮಾಸ್ತರರು ಶಾಲಿನ ಸೆರಗನ್ನು ಎಳೆದು ಆ ಕೈಯ ಮೇಲೆ ಹಾಕಿಕೊಂಡರು.

ಫೋಟೊ ತೆಗೆಯುವವನು ಎಲ್ಲರೂ ಹತ್ತಿರ ನಿಲ್ಲಬೇಕೆಂದ. ಜನ ವೇದಿಕೆಗೆ ಹತ್ತಿದರು. ಯಾರೋ ತಟ್ಟೆಯ ಹಿಂಬದಿ ತಿರುಗಿಸಿ ನೋಡಲು ಕೈ ಚಾಚಿದರು, ಮಾಸ್ತರರು ಕೊಡಲಿಲ್ಲ. ಶಾಲಿನ ಅಡಿಯಲ್ಲಿ ಅವರ ಬೆರಳು ಆಡುತ್ತಿರುವುದು ಪಕ್ಕದಲ್ಲಿ ನಿಂತ ನಾಜಿಯಾಳಿಗೆ ಕಾಣುತ್ತಿತ್ತು. ಸೊನ್ನೆಯಲ್ಲಿತ್ತು ಅದು. ಒಂದು ಸುತ್ತು ಹೋಗಿ ಹೊರಟಲ್ಲಿಗೇ ಬಂದು, ಮತ್ತೆ ಹೊರಡುತ್ತಿತ್ತು. ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿಯಾಗಿದ್ದವು. ಅಬ್ಬಾ ಒಬ್ಬರೇ ಅಲ್ಲಿ ಕೂತಿದ್ದರು, ಎಡಗೈಯಡಿಯಿಂದ ಬಲಗೈ ಹೊರಬಂದು ನಡುಗುತ್ತಿರುವುದರ ಪರಿವೆಯಿಲ್ಲದೆ, ಶಾಲಿನ ಆ ಸಣ್ಣ ಅಲುಗಾಟವನ್ನೇ ನೋಡುತ್ತ.